ದನಕರುಗಳ ದೀರ್ಘಕಾಲದ ಒತ್ತಡ ಅಳೆಯುವುದು: ಮೈಗೂದಲಿನ ಕಾರ್ಟಿಸೋಲ್ ಪರೀಕ್ಷೆಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಕೊನೆಯ ಮಧ್ಯಾಹ್ನ ಸಿಂಧನೂರು ಕಡೆಯ ತಗಡಿನ ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಅದಕ್ಕೆ ಸೆಕೆ ತಾಳಲಾಗುತ್ತಿಲ್ಲ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಆದರೆ ಆ ಬೇಸಿಗೆಯುದ್ದಕ್ಕೂ ಅದು ಎಷ್ಟು ಬಳಲಿತು? ತಗಡಿನ ಮೇಲೆ ಸೊಪ್ಪೆ ಹೊದಿಸಿದ ಪಕ್ಕದ ಮನೆಯ ಆಕಳಿಗಿಂತ ಹೆಚ್ಚೋ ಕಡಿಮೆಯೋ? ಮಳೆ ಬಿದ್ದ ಮೇಲೆ ಚೇತರಿಸಿಕೊಂಡಿತೋ ಇಲ್ಲವೋ? ಇವಕ್ಕೆ ಕಣ್ಣಳತೆ ಸಾಲದು. ರಕ್ತ ಪರೀಕ್ಷೆಯೂ ಸಾಲದು. ಹೊಸಬರೊಬ್ಬರು ಹಗ್ಗ ಹಿಡಿದು ಹತ್ತಿರ ಬಂದ ಎರಡು ಮೂರು ನಿಮಿಷದಲ್ಲೇ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರತೊಡಗುತ್ತದೆ. ಸೂಜಿ ಚುಚ್ಚಿ ಪಡೆದ ಅಂಕಿ ಹೇಳುವುದು ನೀವು ಬಂದ ಸುದ್ದಿಯನ್ನು, ಕಳೆದ ಮೂರು ತಿಂಗಳ ಕಥೆಯನ್ನಲ್ಲ. ಸೆಗಣಿಯಲ್ಲಿ ಸಿಗುವ ಹಾರ್ಮೋನಿನ ಅವಶೇಷ ಸುಮಾರು ಅರ್ಧ ದಿನದ ಹಿಂದಿನ ಸ್ಥಿತಿ ತೋರಿಸುತ್ತದೆ.

ಕೂದಲು ಬೆಳೆಯುವಾಗ ಅದರ ಬುಡಕ್ಕೆ ಹರಿಯುವ ರಕ್ತದಿಂದ ಕಾರ್ಟಿಸೋಲ್ ಸ್ವಲ್ಪಸ್ವಲ್ಪವೇ ಒಳಸೇರಿ ಅಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಎಂಟರಿಂದ ಹನ್ನೆರಡು ವಾರ ಬೆಳೆದ ಕೂದಲು ಅಷ್ಟು ವಾರಗಳ ಸರಾಸರಿಯನ್ನು ಹೊತ್ತಿರುತ್ತದೆ. ನೀವು ಹಗ್ಗ ಎಳೆದು ಕಟ್ಟಿದಾಗ ಆಕಳು ಹೆದರಿದರೂ ಆ ಹೆದರಿಕೆ ಈಗ ಕತ್ತರಿಸುವ ಕೂದಲಿಗೆ ಬಂದಿರುವುದಿಲ್ಲ. ಈ ವಿಧಾನದ ದೊಡ್ಡ ಅನುಕೂಲ ಇದೇ. ಇದರಲ್ಲಿ ಕೆಡುವುದು ಬಹುಪಾಲು ಕೊಟ್ಟಿಗೆಯಲ್ಲಿ, ಪ್ರಯೋಗಾಲಯದಲ್ಲಿ ಅಲ್ಲ. ತಪ್ಪು ಜಾಗದಿಂದ, ತಪ್ಪು ದಿನ, ಕೊಳಕು ಕೂದಲು ತಂದರೆ ಎಷ್ಟೇ ದುಬಾರಿ ಯಂತ್ರವೂ ಅದನ್ನು ಸರಿಮಾಡಲಾರದು.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

"ಈ ದನಕ್ಕೆ ಒತ್ತಡ ಇದೆಯೇ?" ಎಂಬ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ಇಷ್ಟು ಪಿಕೋಗ್ರಾಂ (ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲು) ದಾಟಿದರೆ ಒತ್ತಡ, ಇಲ್ಲದಿದ್ದರೆ ಆರಾಮ ಎಂಬ ಗೆರೆ ಯಾವ ತಳಿಗೂ ಇಲ್ಲ. ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸುವುದೂ ಸಲ್ಲ. ಅದೇ ಪ್ರಾಣಿಯನ್ನು ಅದರ ಹಿಂದಿನ ಅವಧಿಗೆ, ಒಂದು ಗುಂಪನ್ನು ಅದೇ ಊರಿನ ಅದೇ ಬಗೆಯ ಇನ್ನೊಂದು ಗುಂಪಿಗೆ ಹೋಲಿಸಬಹುದು. ನೆರಳು ಇರುವ ಮತ್ತು ಇಲ್ಲದ ಕೊಟ್ಟಿಗೆ, ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ದನ ಮತ್ತು ಒಳಹಳ್ಳಿಯ ದನ, ಸದಾ ಕಟ್ಟಿಹಾಕಿದ ಎಮ್ಮೆ ಮತ್ತು ಮೇಯಲು ಬಿಟ್ಟ ಎಮ್ಮೆ ಹೀಗೆ ಜೋಡಿಯಾಗಿ ಕೇಳಿದರೆ ಉತ್ತರ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಕಾರ್ಟಿಸೋಲ್ ಎಂದರೆ ಒತ್ತಡವೇ ಎಂದಲ್ಲ. ದುಡಿಮೆಗೂ, ಗಬ್ಬದ ಕೊನೆಯ ತಿಂಗಳುಗಳಿಗೂ, ಕರು ಹಾಕುವುದಕ್ಕೂ ಅದು ಏರುತ್ತದೆ. ದಿನಗಟ್ಟಲೆ ಬಿಸಿಲಿಗೆ ಒಗ್ಗಿಕೊಂಡ ದನದಲ್ಲಿ ಅದು ಇಳಿಯಲೂಬಹುದು, ಏಕೆಂದರೆ ಮೈಯೊಳಗಿನ ಶಾಖ ತಗ್ಗಿಸಲು ದೇಹವೇ ಅದರ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕಡಿಮೆ ಅಂಕಿ ಬಂತೆಂದು ದನ ಸುಖವಾಗಿದೆ ಎಂದು ಬರೆದುಕೊಟ್ಟರೆ ಅದು ಪ್ರಾಣಿಗೆ ಮಾಡಿದ ಅನ್ಯಾಯ. ಆದ್ದರಿಂದ ಕೂದಲಿನ ಜೊತೆ ಉಸಿರು, ಮೈಕಟ್ಟು, ಹಾಲು ಇವನ್ನೂ ಬರೆದಿಡಲೇಬೇಕು. ಅದರ ಕ್ರಮ ಮುಂದಿದೆ.

ಯಾವ ಪ್ರಾಣಿ, ಎಷ್ಟು ಪ್ರಾಣಿ

ಕಾರ್ಟಿಸೋಲ್ ಅಳೆಯುವುದು ಇಲೈಸಾ ಎಂಬ, ಪ್ರತಿಕಾಯ ಬಳಸುವ ಪರೀಕ್ಷಾ ಕಿಟ್‌ನಿಂದ. ಅದರ ಒಂದು ತಟ್ಟೆಯಲ್ಲಿ 96 ಗುಳಿ. ಪ್ರತಿ ಮಾದರಿಗೆ ಎರಡು ಗುಳಿ ಎಂದರೆ 48 ಜಾಗ. ಅದರಲ್ಲಿ 8 ಅಳತೆಯ ಗೆರೆಗೆ (ಹೋಲಿಕೆಗೆ ಇಡುವ, ಪ್ರಮಾಣ ಗೊತ್ತಿರುವ ಕಾರ್ಟಿಸೋಲ್), 4 ನಿಯಂತ್ರಣ ಮಾದರಿಗಳಿಗೆ ಹೋದರೆ ಉಳಿಯುವುದು 36. ಮೂರು ಸಲ ಕತ್ತರಿಸುವುದಾದರೆ 12 ಪ್ರಾಣಿ, ಅಂದರೆ ಒಂದು ಗುಂಪಿಗೆ 6. ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ ವಿಪರೀತ ಇರುವುದರಿಂದ 6 ಸಾಲದು. ಎರಡು ತಟ್ಟೆ ಕೊಂಡು ಗುಂಪಿಗೆ 12 ಇಟ್ಟುಕೊಳ್ಳಿ. ಒಂದು ಪ್ರಾಣಿಯ ಮೂರೂ ಮಾದರಿ ಒಂದೇ ತಟ್ಟೆಯಲ್ಲಿರಬೇಕು, ಎರಡೂ ತಟ್ಟೆಯಲ್ಲಿ ಎರಡೂ ಗುಂಪು ಅರ್ಧರ್ಧ ಇರಬೇಕು. ಫೆಬ್ರವರಿಯವು ಒಂದು ತಟ್ಟೆ, ಮೇ ತಿಂಗಳವು ಇನ್ನೊಂದು ಎಂದು ಹಾಕಿದರೆ ಕಾಣುವುದು ತಟ್ಟೆಗಳ ವ್ಯತ್ಯಾಸ, ಋತುವಿನದಲ್ಲ.

ಒಂದು ಗುಂಪಿನಲ್ಲಿ ಒಂದೇ ತಳಿ, ಹತ್ತಿರದ ವಯಸ್ಸು ಇರಲಿ. ಕರುಗಳನ್ನು ದೊಡ್ಡ ದನಗಳ ಜೊತೆ ಬೆರೆಸಬೇಡಿ. ಹುಟ್ಟಿದ ಕರುವಿನ ಕೂದಲು ತಾಯಿಯ ಹೊಟ್ಟೆಯಲ್ಲೇ ಬೆಳೆದದ್ದು. ಅದರಲ್ಲಿ ಕಾರ್ಟಿಸೋಲ್ ತುಂಬಾ ಹೆಚ್ಚಿದ್ದು ತಿಂಗಳುಗಳ ಮೇಲೆ ಇಳಿಯುತ್ತದೆ. ಅಧ್ಯಯನದ ಅವಧಿಯಲ್ಲಿ ಕರು ಹಾಕಲಿರುವ ಆಕಳನ್ನು ಬಿಡಿ, ಇಲ್ಲವೇ ಎರಡೂ ಗುಂಪಿಗೆ ಸಮನಾಗಿ ಹಂಚಿ. ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದು ಬಿದ್ದ ದನದ ಸ್ವಂತ ಕಾರ್ಟಿಸೋಲ್ ಕುಗ್ಗುತ್ತದೆ. ಇನ್ನೊಂದು ಸ್ಟಿರಾಯ್ಡ್ ಆದ ಪ್ರೆಡ್ನಿಸೊಲೋನ್ ಕೊಟ್ಟಿದ್ದರೆ ಪರೀಕ್ಷಾ ಕಿಟ್ ಅದನ್ನೇ ಕಾರ್ಟಿಸೋಲ್ ಎಂದು ಎಣಿಸಿಬಿಡಬಹುದು. ಮಾಲೀಕರಿಗೆ ಔಷಧಿಯ ಹೆಸರು ನೆನಪಿರುವುದು ಕಡಿಮೆ. ಸ್ಥಳೀಯ ಪಶುವೈದ್ಯರ ಬಳಿ ಕೇಳಿ ಖಚಿತಪಡಿಸಿಕೊಳ್ಳಿ.

ಸಂಶೋಧನೆಗಾಗಿ ಮಾಡುವುದಾದರೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯನ್ನು ಮೊದಲ ಕತ್ತರಿಗೆ ಮುಂಚೆಯೇ ಪಡೆಯಬೇಕು. ಮಾಲೀಕರ ಒಪ್ಪಿಗೆ ಕನ್ನಡದಲ್ಲಿ ಬರೆದು ಓದಿ ಹೇಳಿ ಪಡೆಯಿರಿ. ಗುರುತಿಗೆ ಕಿವಿಯೋಲೆಯ 12 ಅಂಕಿ ಬರೆದುಕೊಳ್ಳಿ. "ಕೆಂದ ಆಕಳು" ಎಂದು ಬರೆದರೆ ಮೂರು ತಿಂಗಳ ಮೇಲೆ ಅದೇ ಓಣಿಯಲ್ಲಿ ನಾಲ್ಕು ಕೆಂದ ಆಕಳು ಸಿಗುತ್ತವೆ.

ಕತ್ತರಿಸುವ ದಿನಗಳು

ಬೋಳಿಸಿ, ಕಾದು, ಹೊಸದಾಗಿ ಬೆಳೆದದ್ದನ್ನೇ ಮತ್ತೆ ಬೋಳಿಸುವುದು ಸರಿಯಾದ ಕ್ರಮ. ಮೊದಲ ಸಲ ಬರುವ ಕೂದಲಿಗೆ ಎಷ್ಟು ವಯಸ್ಸೋ ಗೊತ್ತಿರುವುದಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ಆದರೂ ಎಸೆಯಬೇಡಿ, ಅದರ ಉಪಯೋಗ ಪ್ರಯೋಗಾಲಯದಲ್ಲಿದೆ.

ರಾಯಚೂರು, ಬಳ್ಳಾರಿ, ಕೊಪ್ಪಳದ ಹವೆಗೆ ಒಗ್ಗುವ ವೇಳಾಪಟ್ಟಿ ಹೀಗೆ: ನವೆಂಬರ್ ಕೊನೆಯಲ್ಲಿ ಜಾಗ ಬೋಳಿಸಿಡಿ. ಶಿವರಾತ್ರಿ ಆಸುಪಾಸಿನಲ್ಲಿ, ಚಳಿ ಶಿವಶಿವಾ ಎಂದು ಹೋಗುವ ಹೊತ್ತಿಗೆ, ಮೊದಲ ಲೆಕ್ಕದ ಮಾದರಿ ಬರುತ್ತದೆ. ಇದು ನಿಮ್ಮ ಆಧಾರ. ಹನ್ನೆರಡು ವಾರದ ಮೇಲೆ, ಮೇ ತಿಂಗಳ ನಡುವೆ, ಬೇಸಿಗೆಯ ಮಾದರಿ. ಆಗಸ್ಟ್‌ನಲ್ಲಿ ಮಳೆಗಾಲದ್ದು. ಮೇ ತಿಂಗಳ ಕತ್ತರಿಯನ್ನು ಕಾರಹುಣ್ಣಿಮೆಗೆ ಮುಂಚೆಯೇ ಮುಗಿಸಿ. ಹಬ್ಬದಲ್ಲಿ ಎತ್ತುಗಳ ಮೈ ತೊಳೆದು, ಬಣ್ಣದ ಚುಕ್ಕೆ ಇಟ್ಟು, ಕರಿ ಹರಿಯಲು ಓಡಿಸುತ್ತಾರೆ. ಬಣ್ಣ ಹತ್ತಿದ ಕೂದಲು ಪರೀಕ್ಷೆಗೆ ಬಾರದು.

ಬುಡದಲ್ಲಿ ಹುಟ್ಟಿದ ಕೂದಲು ಚರ್ಮದ ಮೇಲೆ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಹಾಗಾಗಿ ಮೇ 15ರಂದು ಕತ್ತರಿಸಿದ್ದರಲ್ಲಿ ಮೇ ಮೊದಲ ವಾರದ ಉರಿ ಪೂರ್ತಿ ಇರುವುದಿಲ್ಲ. ಒಂದು ನಿರ್ದಿಷ್ಟ ಘಟನೆಯ ಪರಿಣಾಮ ಬೇಕಿದ್ದರೆ ಅದು ಮುಗಿದು ಎರಡು ವಾರ ಕಾದು ಕತ್ತರಿಸಿ.

ಜಾಗ ಮತ್ತು ಬಣ್ಣ

ಭುಜದ ಹಿಂದೆ, ಪಕ್ಕೆಲುಬಿನ ಮೇಲೆ, ಬೆನ್ನ ಗೆರೆಯಿಂದ ಒಂದು ಗೇಣು ಕೆಳಗಿನ ಜಾಗ ದನಗಳಿಗೆ ಒಳ್ಳೆಯದು. ಬೆನ್ನ ಮೇಲೆ ಬೇಡ, ನೇರ ಬಿಸಿಲು ಕೂದಲಿನ ಕಾರ್ಟಿಸೋಲನ್ನು ಕೆಡಿಸುತ್ತದೆ. ನಮ್ಮ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ, ಬಯಲಲ್ಲಿ ನಿಂತ ದನವೇ ಆರಾಮಾಗಿರುವಂತೆ ಸುಳ್ಳು ಲೆಕ್ಕ ಬರುತ್ತದೆ. ಎತ್ತಿನ ಕುತ್ತಿಗೆ, ಹಿಣಿಲು ಬೇಡ, ನೊಗ ಉಜ್ಜಿರುತ್ತದೆ. ಬರೆ ಹಾಕಿದ ಗುರುತಿನ ಹತ್ತಿರವೂ ಬೇಡ. ತೊಡೆಯ ಹಿಂಭಾಗ ಬೇಡ, ಗಂಜಲ ಸೆಗಣಿಯಲ್ಲೂ ಕಾರ್ಟಿಸೋಲ್ ಇದ್ದು ಅದು ಕೂದಲಿನೊಳಕ್ಕೇ ಇಳಿಯುತ್ತದೆ. ಒಮ್ಮೆ ಇಳಿದರೆ ತೊಳೆದರೂ ಹೋಗದು.

ಬಾಲದ ಕುಚ್ಚು ಮೈಗೂದಲಿಗಿಂತ ಬಹಳ ಬೇಗ ಬೆಳೆಯುತ್ತದೆ, ಬೇಗ ಬೇಕಾದಷ್ಟು ಸಿಗುತ್ತದೆ. ಆದರೆ ಅದು ದಿನವಿಡೀ ಸೆಗಣಿಯಲ್ಲಿ ಅದ್ದಿರುತ್ತದೆ, ಮೇಲಾಗಿ ನೊಣ ಹೊಡೆಯಲು ಪ್ರಾಣಿಗೆ ಅದು ಬೇಕು. ಒಣ ನೆಲದ, ಚೊಕ್ಕಟ ಕೊಟ್ಟಿಗೆಯಾದರೆ ಮಾತ್ರ ಕುಚ್ಚಿನ ಒಂದು ಪಕ್ಕದಿಂದ ಬೆರಳ ದಪ್ಪದಷ್ಟು ತೆಗೆಯಿರಿ.

ಕಪ್ಪು ಬಿಳಿ ಎಚ್‌ಎಫ್ ಮಿಶ್ರತಳಿಯಲ್ಲಿ ಒಂದೇ ಆಕಳ ಬಿಳಿ ಕೂದಲಿಗೂ ಕಪ್ಪು ಕೂದಲಿಗೂ ಅಂಕಿ ಬೇರೆ ಬರಬಹುದು. ಎಲ್ಲ ಆಕಳಿಂದಲೂ ಒಂದೇ ಬಣ್ಣ, ಮೂರು ಸಲವೂ ಅದೇ ತೇಪೆ.

ಕೊಟ್ಟಿಗೆಯಲ್ಲಿ ಕೆಲಸ

ಬೇಕಾದದ್ದು: ಬ್ಯಾಟರಿಯ ಕ್ಲಿಪ್ಪರ್ ಮತ್ತು 40ನೇ ನಂಬರಿನ ಬ್ಲೇಡು (ಇದು ಚರ್ಮದ ಮೇಲೆ ಸುಮಾರು ಕಾಲು ಮಿಲಿಮೀಟರ್ ಮಾತ್ರ ಉಳಿಸುತ್ತದೆ), 10 × 10 ಸೆಂಟಿಮೀಟರ್ ಕಿಂಡಿ ಕೊರೆದ ರಟ್ಟು, ಒಣ ಬ್ರಷ್, ಸರ್ಜಿಕಲ್ ಸ್ಪಿರಿಟ್, ಹತ್ತಿ, ಕೈಗವಸು, ಅಲ್ಯೂಮಿನಿಯಂ ಹಾಳೆ, ಕಾಗದದ ಲಕೋಟೆ, ಪೆನ್ಸಿಲ್. ಮಾರ್ಕರ್ ಪೆನ್ನಿನ ಬರಹ ಸ್ಪಿರಿಟ್ ತಗುಲಿದೊಡನೆ ಅಳಿಸಿಹೋಗುತ್ತದೆ. ಪೆನ್ಸಿಲ್ಲೇ ಭದ್ರ.

ಬೆಳಿಗ್ಗೆ ಹಾಲು ಹಿಂಡುವಾಗ, ಗೋದಲಿಯಲ್ಲಿ ಮೇವಿರುವಾಗ ಮಾಡಿದರೆ ಆಕಳು ಹೆಚ್ಚು ಕದಲುವುದಿಲ್ಲ. ಕ್ಲಿಪ್ಪರ್ ಸದ್ದಿಗೆ ಬೆಚ್ಚುವ ದನವಾದರೆ ಹತ್ತಿರ ಹೋಗುವ ಮುಂಚೆ ಎರಡು ನಿಮಿಷ ಅದನ್ನು ದೂರದಲ್ಲೇ ಚಾಲೂ ಮಾಡಿಟ್ಟುಕೊಳ್ಳಿ. ಒಣ ಬ್ರಷ್‌ನಿಂದ ಧೂಳು ಕೊಡವಿ. ನೀರು ಹಾಕಬೇಡಿ, ನೀರು ಕೂದಲನ್ನು ಉಬ್ಬಿಸಿ ಹೊರಗಿನ ಕೊಳೆಯನ್ನು ಒಳಕ್ಕೂ ಒಳಗಿನ ಕಾರ್ಟಿಸೋಲನ್ನು ಹೊರಕ್ಕೂ ಒಯ್ಯುತ್ತದೆ. ಹಿಂದಿನ ದಿನ ಮೈ ತೊಳೆದಿದ್ದರೆ ಚೆನ್ನಾಗಿ ಒಣಗಲು ಬಿಡಿ. ಕಿಂಡಿಯೊಳಗಿನ ಕೂದಲನ್ನು ಬೆಳೆದ ದಿಕ್ಕಿಗೆ ಎದುರಾಗಿ ಬೋಳಿಸಿ ಹಾಳೆಯ ಮೇಲೆ ಬೀಳಿಸಿ. ಕೀಳಬಾರದು. ನೋವಾಗುತ್ತದೆ, ಅಲ್ಲದೆ ಬುಡಕ್ಕೆ ಅಂಟಿದ ರಕ್ತ, ಅಂಗಾಂಶ ಈಗಿನ ಕಾರ್ಟಿಸೋಲನ್ನು ಬೆರೆಸಿಬಿಡುತ್ತದೆ. ಚರ್ಮ ಗೀರಿ ರಕ್ತ ಬಂದರೆ ಆ ಮಾದರಿ ಬಿಡಿ. ಪ್ರಾಣಿಯಿಂದ ಪ್ರಾಣಿಗೆ ಬ್ಲೇಡು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ, ಎಣ್ಣೆಯನ್ನು ದಿನದ ಕೆಲಸ ಮುಗಿದ ಮೇಲೆ ಹಾಕಿ.

ಕನಿಷ್ಠ 250 ಮಿಲಿಗ್ರಾಂ ಬೇಕು. ಕಡಿಮೆ ಬಿದ್ದರೆ ಇನ್ನೊಂದು ಪಕ್ಕದ ಅದೇ ಜಾಗದಿಂದ ತೆಗೆಯಬಹುದು, ಆದರೆ ಅಲ್ಲೂ ಮೊದಲೇ ಬೋಳಿಸಿಟ್ಟಿರಬೇಕು. ಆದ್ದರಿಂದ ನವೆಂಬರ್‌ನಲ್ಲೇ ಎರಡೂ ಪಕ್ಕ ಬೋಳಿಸಿಡುವುದು ಜಾಣತನ. ಕೂದಲನ್ನು ಹಾಳೆಯಲ್ಲಿ ಸುತ್ತಿ ಲಕೋಟೆಗೆ ಹಾಕಿ, ಕತ್ತಲೆಯಲ್ಲಿ, ಒಣ ಜಾಗದಲ್ಲಿಡಿ. ಫ್ರಿಜ್ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಬೂಸು ಹಿಡಿಯುತ್ತದೆ. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲೋ ಜೀಪಿನ ಗಾಜಿನ ಹಿಂದೆಯೋ ಬಿಟ್ಟು ಊಟಕ್ಕೆ ಹೋಗಬೇಡಿ.

ಅದೇ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆಯಬೇಕಾದವು: ಮೈಕಟ್ಟಿನ ಅಂಕ 1ರಿಂದ 5 (1 ತೀರಾ ಬಡಕಲು, 5 ತೀರಾ ಕೊಬ್ಬಿದ್ದು), ಕುಂಟು ಇದೆಯೇ, ಉಣ್ಣಿ ಹುಳು ಎಷ್ಟು, ಕಳೆದ ಮೂರು ತಿಂಗಳಲ್ಲಿ ಜ್ವರ, ಕೆಚ್ಚಲು ಬಾವು, ಗಬ್ಬ, ದಿನದ ಹಾಲು. ಡೈರಿಗೆ ಹಾಕಿದ ಹಾಲಿನ ಲೆಕ್ಕ ಸಂಘದ ಪುಸ್ತಕದಲ್ಲಿ ಇರುತ್ತದೆ, ಆದರೆ ಮನೆಗೆ ಉಳಿಸಿಕೊಂಡದ್ದನ್ನು ಕೇಳಿ ಸೇರಿಸಿ. ವಾರಕ್ಕೊಮ್ಮೆ ಮಧ್ಯಾಹ್ನ 2ರಿಂದ 3ರೊಳಗೆ ಪಕ್ಕೆಯ ಏರಿಳಿತ ನೋಡಿ ಒಂದು ನಿಮಿಷದ ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಅದು ಬಿಸಿಲಿನ ಬಾಧೆ.

ಕೊಟ್ಟಿಗೆಯೊಳಗೇ ಒಂದು ಉಷ್ಣತೆ ಮತ್ತು ತೇವಾಂಶದ ಮಾಪಕ ತೂಗುಹಾಕಿ. ಊರಾಚೆಯ ಹವಾಮಾನ ಕೇಂದ್ರದ ಅಂಕಿ ತಗಡಿನ ಕೆಳಗೆ ಹೊಂದುವುದಿಲ್ಲ. ಇವೆರಡರಿಂದ ಸೆಕೆಯ ಬಾಧೆ ಅಳೆಯುವ ಸೂಚ್ಯಂಕದ ಲೆಕ್ಕ: ಉಷ್ಣತೆಯನ್ನು 0.8ರಿಂದ ಗುಣಿಸಿ, ಉಷ್ಣತೆಯಿಂದ 14.4 ಕಳೆದು ತೇವಾಂಶದಿಂದ (ಶೇ. 30 ಎಂದರೆ 0.30) ಗುಣಿಸಿ; ಎರಡನ್ನೂ ಕೂಡಿಸಿ 46.4 ಸೇರಿಸಿ. 40 ಡಿಗ್ರಿ, ಶೇ. 30 ತೇವಾಂಶಕ್ಕೆ 86 ಬರುತ್ತದೆ. 31 ಡಿಗ್ರಿ, ಶೇ. 70 ತೇವಾಂಶದ ಆಗಸ್ಟ್ ದಿನಕ್ಕೆ 83. ಹಾಲಿನ ಆಕಳಿಗೆ ತೊಂದರೆ 72ರ ಆಸುಪಾಸಿನಲ್ಲೇ ಶುರುವಾಗುತ್ತದೆ ಎಂಬುದು ರೂಢಿಯ ಗೆರೆ. ಮಳೆ ಬಂತು, ತಂಪಾಯಿತು ಎಂದು ನಮಗೆ ಅನಿಸಿದರೂ ಮಿಶ್ರತಳಿ ಆಕಳಿಗೆ ಹಾಗಿಲ್ಲ. ಆಗಸ್ಟ್ ಮಾದರಿ ನಿರೀಕ್ಷೆಯಂತೆ ಇಳಿಯದಿದ್ದರೆ ಮೊದಲು ಈ ಅಂಕಿ ನೋಡಿ.

ಎಮ್ಮೆ, ಕುರಿ, ಕೋಳಿ

ಎಮ್ಮೆಗೆ ಕೂದಲು ವಿರಳ. 20 × 20 ಸೆಂಟಿಮೀಟರ್ ಬೋಳಿಸಿದರೂ ಸಾಲದೆ ಹೋಗಬಹುದು, ಬಾಲದ ಕುಚ್ಚೇ ಗತಿ. ಕಾಲುವೆಯಲ್ಲಿ ಮಲಗುವ ಎಮ್ಮೆಯ ಕೂದಲಿನಿಂದ ಕಾರ್ಟಿಸೋಲ್ ನೀರಿಗೆ ಬಸಿದುಹೋಗುತ್ತದೆ. ಅದನ್ನು ಕಟ್ಟಿಹಾಕಿದ ಎಮ್ಮೆಗೆ ಹೋಲಿಸುವುದಾದರೆ ಈ ಮಾತನ್ನು ವರದಿಯಲ್ಲೇ ಬರೆಯಬೇಕು.

ಕೆಂಗುರಿಯದ್ದು ಕೂದಲು, ಬಳ್ಳಾರಿ ಮತ್ತು ದಖ್ಖನಿ ಕುರಿಯದ್ದು ಒರಟು ತುಪ್ಪಟ. ಇವನ್ನು ಒಂದೇ ಗುಂಪಿನಲ್ಲಿ ಹಾಕಬೇಡಿ. ತುಪ್ಪಟದ ಜಿಡ್ಡಿಗೆ ಒಂದು ತೊಳೆತ ಹೆಚ್ಚು ಬೇಕು, ಮುಳ್ಳು, ಬೀಜಗಳನ್ನು ಚಿಮಟದಿಂದ ಆರಿಸಬೇಕು, ಇಲ್ಲದಿದ್ದರೆ ಅವೂ ತೂಕಕ್ಕೆ ಸೇರುತ್ತವೆ. ಹಿಂಡು ಭತ್ತದ ಕೊಯ್ಲಿನ ಮೇಲೆ ಗಂಗಾವತಿ, ಸಿರುಗುಪ್ಪ ಕಡೆ ಹೊಲಗಳಿಗೆ ಸಾಗುವುದಾದರೆ ಹೊರಡುವ ಮುಂಚೆ ಒಮ್ಮೆ, ಹಟ್ಟಿಗೆ ಮರಳಿದ ಎರಡು ವಾರಕ್ಕೆ ಒಮ್ಮೆ ಕತ್ತರಿಸಿ. ನಡುವೆ ಕುರಿಗಾರರು ತುಪ್ಪಟ ಕತ್ತರಿಸಿದರೆ ಎಲ್ಲವೂ ವ್ಯರ್ಥ, ಆ ದಿನ ಮೊದಲೇ ಕೇಳಿಕೊಳ್ಳಿ.

ಕೋಳಿಗಳಲ್ಲಿ ಮುಖ್ಯ ಹಾರ್ಮೋನು ಕಾರ್ಟಿಕೋಸ್ಟಿರೋನ್. ಕಾರ್ಟಿಸೋಲ್ ಕಿಟ್ ಅಲ್ಲಿ ನಡೆಯದು.

ಪ್ರಯೋಗಾಲಯದಲ್ಲಿ

ಲೆಕ್ಕಕ್ಕಿಲ್ಲದ ಮೊದಲ ಕೂದಲನ್ನೆಲ್ಲ ಈಗ ತೆಗೆಯಿರಿ. ಒಟ್ಟಿಗೆ ತೊಳೆದು, ಪುಡಿ ಮಾಡಿ, ಒಂದು ಸೀಸೆಗೆ ತುಂಬಿ. ಪ್ರತಿ ತಟ್ಟೆಯಲ್ಲೂ ಇದರದೊಂದು ಮಾದರಿ ಇರಲಿ. ಎರಡು ತಟ್ಟೆಗಳಲ್ಲಿ ಇದರ ಅಂಕಿ ಶೇ. 15ಕ್ಕಿಂತ ಹೆಚ್ಚು ಬೇರೆಯಾದರೆ ಕೆಲಸದಲ್ಲಿ ಎಲ್ಲೋ ಎಡವಿದ್ದೀರಿ.

ತೊಳೆಯುವುದು: 250 ಮಿಲಿಗ್ರಾಂ ಕೂದಲಿಗೆ 5 ಮಿಲಿಲೀಟರ್ ಐಸೊಪ್ರೊಪನಾಲ್, 3 ನಿಮಿಷ ಮೆಲ್ಲಗೆ ಅಲುಗಾಡಿಸಿ ಚೆಲ್ಲಿ. ಇನ್ನೊಮ್ಮೆ. ಸಂಡೂರಿನ ಕೆಂಧೂಳು ಅಥವಾ ಎರೆಮಣ್ಣು ಹತ್ತಿದ್ದರೆ ಮೂರನೆಯ ಸಲ. ಧೂಳು ಉಳಿದರೆ ಏನಾಗುತ್ತದೆಂದರೆ, ಅದರಲ್ಲಿ ಕಾರ್ಟಿಸೋಲ್ ಇಲ್ಲ ಆದರೆ ತೂಕ ಇದೆ. ಅದಿರಿನ ಧೂಳಿಗಂತೂ ಕೂದಲಿಗಿಂತ ಎಷ್ಟೋ ಪಟ್ಟು ತೂಕ. ಗಣಿ ಹತ್ತಿರದ ದನದ ಅಂಕಿ ಅನ್ಯಾಯವಾಗಿ ಕಡಿಮೆ ಬಂದು, ಗಣಿಯಿಂದ ತೊಂದರೆಯೇ ಇಲ್ಲ ಎಂಬ ವರದಿ ತಯಾರಾಗುತ್ತದೆ. ಹಾಗೆಂದು ಹತ್ತು ಸಲ ತೊಳೆದರೆ ಒಳಗಿನದೂ ಬಸಿಯುತ್ತದೆ. ಎಷ್ಟು ಸಲ ಎಂದು ತೀರ್ಮಾನಿಸಿದ ಮೇಲೆ ಎರಡೂ ಗುಂಪಿಗೂ ಅಷ್ಟೇ ಸಲ. ಕೊನೆಯ ತೊಳೆತದ ದ್ರವವನ್ನು ಕೆಲವು ಮಾದರಿಗಳಲ್ಲಿ ಒಣಗಿಸಿ ಪರೀಕ್ಷಿಸಿ. ಅದರಲ್ಲಿ ಕಾರ್ಟಿಸೋಲ್ ಬಹುತೇಕ ಇರಬಾರದು.

ತೂತು ಮಾಡಿದ ಹಾಳೆ ಮುಚ್ಚಿ 5ರಿಂದ 7 ದಿನ ಒಣಗಿಸಿ, ತೂಗುವ ಮುಂಚೆ ಒಂದು ರಾತ್ರಿ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ. ಮಳೆಗಾಲದಲ್ಲಿ ಕೂದಲು ಗಾಳಿಯ ತೇವ ಹೀರಿ ಭಾರವಾಗುತ್ತದೆ, ಈ ಹೆಜ್ಜೆ ಬಿಟ್ಟರೆ ಆಗಸ್ಟ್ ಅಂಕಿ ಸುಮ್ಮನೆ ಇಳಿಯುತ್ತದೆ. ಬಾಲ್ ಮಿಲ್‌ನಲ್ಲಿ ಹಿಟ್ಟಿನಂತೆ ನುಣ್ಣಗಾಗುವವರೆಗೆ ಪುಡಿ ಮಾಡಿ, ಜಾಡಿ ಬಿಸಿಯಾದರೆ ನಿಲ್ಲಿಸಿ ಆರಿಸಿ. ಮಿಲ್ ಇಲ್ಲದಿದ್ದರೆ ಕತ್ತರಿಯಿಂದ 1–2 ಮಿಲಿಮೀಟರ್ ತುಂಡು ಮಾಡಬಹುದು. ಆದರೆ ಎರಡು ವಿಧಾನದ ಅಂಕಿಗಳನ್ನು ಬೆರೆಸಬಾರದು.

50 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್ ಶುದ್ಧ ಮೆಥನಾಲ್ ಹಾಕಿ, 24 ಗಂಟೆ ನಿಧಾನವಾಗಿ ತಿರುಗಿಸಿ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯ ಉಷ್ಣತೆ ಎಂದರೆ 25 ಡಿಗ್ರಿ ಅಲ್ಲ. ಮುಚ್ಚಳ ಸಡಿಲವಿದ್ದರೆ ಮೆಥನಾಲ್ ಹಾರಿ ಉಳಿದದ್ದು ಗಾಢವಾಗುತ್ತದೆ. ಪ್ಯಾರಾಫಿಲ್ಮ್ ಸುತ್ತಿ, ಕೊಳವೆಯನ್ನು ಮುಂಚೆ ಮತ್ತು ಆಮೇಲೆ ತೂಗಿ. ತೂಕ ಇಳಿದಿದ್ದರೆ ಆ ಮಾದರಿ ಮತ್ತೆ ಮಾಡಿ. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಫ್ಯೂಮ್ ಹುಡ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯಲ್ಲಿ 0.6 ಮಿಲಿಲೀಟರ್ ತೆಗೆದು, 38 ಡಿಗ್ರಿಯಲ್ಲಿ ನೈಟ್ರೋಜನ್ ಹರಿಸಿ ಪೂರ್ತಿ ಒಣಗಿಸಿ. ಮೆಥನಾಲ್ ಒಂದು ತೊಟ್ಟು ಉಳಿದರೂ ಕಿಟ್ಟಿನ ಪ್ರತಿಕಾಯ ಕೆಡುತ್ತದೆ. ಕಿಟ್ಟಿನ ಬಫರ್ 0.4 ಮಿಲಿಲೀಟರ್ ಹಾಕಿ ಚೆನ್ನಾಗಿ ಕಲಕಿ.

ಕಿಟ್ ಕೊಳ್ಳುವಾಗ ಬಹಳ ಜನ ಸೀರಮ್ ಕಿಟ್ ತರುತ್ತಾರೆ. ಅದು ರಕ್ತದ ದೊಡ್ಡ ಪ್ರಮಾಣಕ್ಕೆ ಮಾಡಿದ್ದು, ಕೂದಲಿನ ಸಾರ ಅದರ ಅಳತೆಯ ಗೆರೆಗಿಂತ ಕೆಳಗೇ ಬೀಳುತ್ತದೆ. ಲಾಲಾರಸದ ಕಾರ್ಟಿಸೋಲ್‌ಗೆ ಮಾಡಿದ ಸೂಕ್ಷ್ಮ ಕಿಟ್ ಬೇಕು. ಅದು ನಿಮ್ಮ ಪ್ರಾಣಿಯ ಕೂದಲಿಗೆ ನಡೆಯುತ್ತದೆಯೇ ಎಂದು ಸೀಸೆಯಲ್ಲಿಟ್ಟ ಪುಡಿಯಿಂದ ಮೊದಲು ನೋಡಿ: ಸಾರವನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳುವಾಗಿಸಿದರೆ ಅಂಕಿಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಗೊತ್ತಿರುವಷ್ಟು ಕಾರ್ಟಿಸೋಲ್ ಸೇರಿಸಿದರೆ ಅಷ್ಟೇ ಹೆಚ್ಚಾಗಬೇಕು. ಎರಡು ಗುಳಿಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದ ಮಾದರಿಯನ್ನು ಮರುಪರೀಕ್ಷಿಸಿ.

ಲೆಕ್ಕ, ಓದುವ ಬಗೆ

ಕಿಟ್ ಡೆಸಿಲೀಟರಿಗೆ 0.03 ಮೈಕ್ರೋಗ್ರಾಂ ತೋರಿಸಿತು ಎನ್ನೋಣ. ಅದು ಮಿಲಿಲೀಟರಿಗೆ 300 ಪಿಕೋಗ್ರಾಂ. ನಿಮ್ಮ ಬಳಿ ಇದ್ದದ್ದು 0.4 ಮಿಲಿಲೀಟರ್, ಅಂದರೆ 120 ಪಿಕೋಗ್ರಾಂ. ಇದನ್ನು 50ರಿಂದ ಭಾಗಿಸುವುದು ಮಾಮೂಲಿ ತಪ್ಪು. 1 ಮಿಲಿಲೀಟರಿನಲ್ಲಿ 0.6 ಮಾತ್ರ ತೆಗೆದದ್ದರಿಂದ ಅದರ ಹಿಂದಿರುವ ಕೂದಲು 30 ಮಿಲಿಗ್ರಾಂ. ಉತ್ತರ ಮಿಲಿಗ್ರಾಂ ಕೂದಲಿಗೆ 4 ಪಿಕೋಗ್ರಾಂ.

ಮುಂದೆ ಪ್ರತಿ ಪ್ರಾಣಿಯ ಮೇ ಅಂಕಿಯನ್ನು ಅದರದೇ ಶಿವರಾತ್ರಿ ಅಂಕಿಯಿಂದ ಭಾಗಿಸಿ. ಈ ಅನುಪಾತಗಳ ಲಾಗ್ ತೆಗೆದು ಗುಂಪುಗಳನ್ನು ಹೋಲಿಸಿ. ಒಂದೆರಡು ವಿಪರೀತ ಅಂಕಿ ಸರಾಸರಿಯನ್ನು ಎಳೆದುಬಿಡುವುದರಿಂದ ನಡುಬೆಲೆಯನ್ನೂ (ಮೀಡಿಯನ್) ಕೊಡಿ. ಒಂದೇ ಪ್ರಾಣಿಯ ಅಂಕಿ ಥಟ್ಟನೆ ಐದಾರು ಪಟ್ಟಾದರೆ ಒತ್ತಡ ಎನ್ನುವ ಮುಂಚೆ ಪುಸ್ತಕ ತೆರೆದು ನೋಡಿ. ಗಂಜಲ ಹತ್ತಿತ್ತೇ, ಕರು ಹಾಕಿತೇ, ಸ್ಟಿರಾಯ್ಡ್ ಮುಲಾಮು ಸವರಿದ್ದರೇ?

ಕಾರ್ಟಿಸೋಲ್ ಏರಿ, ಉಸಿರು 60 ದಾಟಿ, ಹಾಲೂ ಮೈಕಟ್ಟೂ ಇಳಿದಿದ್ದರೆ ಗಟ್ಟಿಯಾಗಿ ಹೇಳಬಹುದು. ಕಾರ್ಟಿಸೋಲ್ ಮಾತ್ರ ಏರಿ ಉಳಿದೆಲ್ಲ ಸರಿಯಿದ್ದರೆ ದುಡಿಮೆ, ಗಬ್ಬ, ಸ್ಥಳಾಂತರ ಹುಡುಕಿ. ಅದು ಏರದೆ ಉಳಿದವೆಲ್ಲ ಕೆಟ್ಟಿದ್ದರೆ ಪ್ರಾಣಿಯ ಮೈಯನ್ನೇ ನಂಬಿ, ಅಂಕಿಯನ್ನಲ್ಲ.

ಮಾಲೀಕರಿಗೆ ಪಿಕೋಗ್ರಾಂ ಹೇಳಬೇಡಿ. "ಸೊಪ್ಪೆ ಹೊದಿಸಿದ ಕೊಟ್ಟಿಗೆಗಳಲ್ಲಿ ಬೇಸಿಗೆಯ ಏರಿಕೆ ಇಷ್ಟು, ಬರೀ ತಗಡಿನಲ್ಲಿ ಇಷ್ಟು, ನಿಮ್ಮ ಆಕಳು ಇಲ್ಲಿದೆ" ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿ, ಮುಂದಿನ ಮಾರ್ಚ್‌ಗೆ ಮುಂಚೆ ಆ ಹಾಳೆ ಅವರ ಕೈಗೆ ಸೇರುವಂತೆ ನೋಡಿಕೊಳ್ಳಿ. ಉಳಿದ ಪುಡಿಯನ್ನು ಅಲ್ಯೂಮಿನಿಯಂ ಹಾಳೆ ಸುತ್ತಿದ ಕೊಳವೆಯಲ್ಲಿ, ಸಿಲಿಕಾ ಜೆಲ್ ಜೊತೆ, ಕತ್ತಲೆಯಲ್ಲಿ ಕಾದಿಡಿ. ಫಲಿತಾಂಶದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ ಅದೇ ಪುಡಿಯಿಂದ ಮತ್ತೆ ಪರೀಕ್ಷಿಸಬಹುದು.